ಚಾವಿ ಯಾರ ಹತ್ತಿರ ಇದೆ, ಸಾಹೇಬರೇ?

ಕಲಬುರಗಿ, ಬೀದರ, ಯಾದಗಿರಿ ಮೂರೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ, ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯಗಳನ್ನು ನೋಡಿಕೊಳ್ಳುವ ಇಲಾಖೆಗಳ ಅಧಿಕಾರಿಗಳಿಗೆ,

ನಮಸ್ಕಾರ.

ನಾನೊಬ್ಬ ಡ್ರಾಯಿಂಗ್ ಮಾಸ್ತರ. ಚಿತ್ತಾಪುರದ ಕಡೆಯವನು. ಸರ್ಕಾರಿ ಹೈಸ್ಕೂಲಿನಲ್ಲಿ ಇದ್ದಷ್ಟು ದಿನ ಇಂಥ ಪತ್ರ ಬರೆಯುವ ಹಾಗಿರಲಿಲ್ಲ. ಹೋದ ವರ್ಷ ನಿವೃತ್ತನಾದೆ. ಪೆನ್ಷನ್ ಕಾಗದಪತ್ರ ಎಲ್ಲಾ ಸರಿಯಾಗಿ ಆದ ಮೇಲೆಯೇ ಪೆನ್ನು ಹಿಡಿದಿದ್ದೇನೆ. ಅಷ್ಟು ವ್ಯವಹಾರ ನನಗೂ ಗೊತ್ತಿದೆ.

ಈ ದಸರಾ ರಜೆಗೆ ಮೊಮ್ಮಗಳು ಬಂದಿದ್ದಳು. ಮಗಳ ಮಗಳು, ಎಂಟನೇ ಕ್ಲಾಸು. ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ನಿಮ್ಮ ಭಾಗದ ಹಳೆಯ ಗ್ರಂಥಾಲಯಕ್ಕೋ ಚಿತ್ರಶಾಲೆಗೋ ಹೋಗಿ ನೋಡಿಕೊಂಡು ಬಂದು ನಾಲ್ಕು ಪುಟ ಬರೆಯಿರಿ ಅಂತ. ಫೋನಿನಲ್ಲಿ ಹುಡುಕಿ ನಾಲ್ಕು ಪುಟ ತುಂಬಿಸುವುದು ಅವಳಿಗೆ ಹತ್ತು ನಿಮಿಷದ ಕೆಲಸ. ಹಟ ಹಿಡಿದವನು ನಾನೇ. ಗ್ರಂಥಾಲಯ, ಚಿತ್ರಶಾಲೆ ಎರಡೂ ಒಂದೇ ಕಟ್ಟಡದಲ್ಲಿರುವ ಊರು ನನಗೆ ಗೊತ್ತಿತ್ತು. ಕೆಳಗೆ ಪುಸ್ತಕ, ಮೇಲೆ ಚಿತ್ರ. ನಿಜಾಮರ ಕಾಲದ ಕಟ್ಟಡ. ದಪ್ಪ ಕಲ್ಲಿನ ಗೋಡೆ, ಕಮಾನಿನ ಬಾಗಿಲು, ಕೆಳಗೆ ಶಹಾಬಾದ್ ಕಲ್ಲಿನ ನೆಲ. ಬೇಸಿಗೆಯಲ್ಲೂ ಒಳಗೆ ತಂಪು.

ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಏನಾಗುತ್ತದೆ ಅಂತ ಮೂವತ್ತು ವರ್ಷ ನೌಕರಿ ಮಾಡಿದವನಿಗೆ ಗೊತ್ತು. ಮೇಲಿನಿಂದ ಒಂದು ನೋಟಿಸ್ ಹೊರಡುತ್ತದೆ. ಅದು ಇಳಿದು ಇಳಿದು ಕೊನೆಗೆ ಹೋಗಿ ಮುಟ್ಟುವುದು ಎಲ್ಲರಿಗಿಂತ ಕಡಿಮೆ ಪಗಾರದ ಮನುಷ್ಯನನ್ನು. ಆ ಮನುಷ್ಯನಿಂದಲೇ ನಾವು ಅವತ್ತು ಒಳಗೆ ಹೋಗಿದ್ದು. ಹಾಗಾಗಿ ಹೆಸರು ಬೇಡ. ಮೂರು ಜಿಲ್ಲೆಯಲ್ಲಿ ಅಂಥ ಊರು ಒಂದೇ ಅಂತಲೂ ನೀವು ತಿಳಿಯಬೇಡಿ.

ಬುಧವಾರ. ಬೆಳಿಗ್ಗೆ ಹತ್ತೂಕಾಲಿಗೆ ಬಸ್ ಇಳಿದೆವು. ಬೋರ್ಡಿನ ಮೇಲೆ ವಾರದ ರಜೆ ಸೋಮವಾರ ಅಂತ ಬರೆದಿದೆ. ತೆರೆಯುವ ಹೊತ್ತು ಎಂಟೂವರೆ ಅಂತಲೂ ಇದೆ. ಬಾಗಿಲಿಗೆ ಮಾತ್ರ ಅಂಗೈಯಷ್ಟು ದೊಡ್ಡ ಕೀಲಿ. ಕೀಲಿಯ ಮೇಲೆ ಧೂಳು, ಚಿಲಕದ ಸಂದಿಯಲ್ಲಿ ಜೇಡರ ಬಲೆ. ಮೊಮ್ಮಗಳು ಬಗ್ಗಿ ನೋಡಿ, "ಮುತ್ಯಾ, ಇದು ಇವತ್ತಿನ ರಜೆ ಅಲ್ಲ" ಅಂದಳು.

ಎದುರಿಗೆ ಚಹಾದ ಅಂಗಡಿ. ಅಲ್ಲಿ ಬೆಂಚಿನ ಮೇಲೆ ಮೂವರು ಹಿರಿಯರು ಪೇಪರ್ ಓದುತ್ತಾ ಕೂತಿದ್ದರು. ಗ್ರಂಥಾಲಯಕ್ಕೆ ಬರುವ ಪೇಪರನ್ನು ಹುಡುಗ ಅಲ್ಲೇ ಕೊಟ್ಟು ಹೋಗುತ್ತಾನಂತೆ. ಅಂದರೆ ವಾಚನಾಲಯ ರಸ್ತೆ ದಾಟಿ ಚಹಾದಂಗಡಿಗೆ ಬಂದಿದೆ. ಒಂದು ಲೆಕ್ಕಕ್ಕೆ ಒಳ್ಳೆಯದೇ, ಓದುವವರಂತೂ ಇದ್ದಾರಲ್ಲ.

"ಚಾವಿ ರೀ?" ಅಂದ ಅಂಗಡಿಯವನು. "ಚಾವಿ ಸಾಹೇಬ್ರ ಹತ್ರ ಅದ. ಅವರಿಗಿ ಮೂರು ಊರಿನ ಚಾರ್ಜ್ ಕೊಟ್ಟಾರ. ಇವತ್ತ ಯಾವ ಊರಾಗ ಅದಾರೋ ಏನೋ. ಇನ್ನೊಂದು ಚಾವಿ ನಮ್ಮ ಕಾಕಾನ ಹತ್ರ ಇರ್ತದ. ಕೂಡ್ರಿ, ಫೋನ್ ಹಚ್ತೀನಿ."

ಕಾಕಾ ಬರುವುದಕ್ಕೆ ಮುಕ್ಕಾಲು ಗಂಟೆ ಬೇಕಾಯಿತು. ನಾವು ಗ್ರಂಥಾಲಯದ ಕಟ್ಟೆಯ ಮೇಲೆ ಕೂತೆವು. ಸುಮ್ನೆ ಕೂಡುವ ಬದಲು ಅಂತ ನಾನು ಮೊಮ್ಮಗಳಿಗೆ ನಾಗಾವಿಯ ಸುದ್ದಿ ತೆಗೆದೆ. ನಿಮಗೂ ಅದನ್ನೇ ಹೇಳಬೇಕಿದೆ. ಈ ಪತ್ರ ಬರೆಯಲು ಅದೇ ಕಾರಣ.

ನಾಗಾವಿ ಚಿತ್ತಾಪುರದಿಂದ ಎರಡು-ಮೂರು ಕಿಲೋಮೀಟರ್. ಎಲ್ಲಮ್ಮನ ಗುಡಿಗೆ ಬರುವ ಜನ ಜಾಸ್ತಿ. ಅರವತ್ತು ಕಂಬದ ಗುಡಿ ನೋಡಲು ಬರುವವರು ಕಡಿಮೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಲ್ಲಿ ಒಂದು ಘಟಿಕಾಸ್ಥಾನ ಇತ್ತು. ಈಗಿನ ಮಾತಿನಲ್ಲಿ ವಸತಿ ಕಾಲೇಜು ಅನ್ನಬಹುದು. ಒಂದನೇ ಸೋಮೇಶ್ವರ ಆಳುತ್ತಿದ್ದ ಕಾಲ. 1058ರ ಅಲ್ಲಿಯ ಶಾಸನದಲ್ಲಿ ಲೆಕ್ಕ ಪಕ್ಕಾ ಇದೆ. ವೇದ ಓದುವ ಹುಡುಗರು 200 ಮಂದಿ. ಶಾಸ್ತ್ರ ಓದುವವರು ಬೇರೆ. ಅವರಿಗೆ ಕಲಿಸುವವರು ಎಷ್ಟು ಮಂದಿ ಅಂತ ಲೆಕ್ಕ. ಆಮೇಲೆ ಬರುತ್ತಾರೆ ನೋಡಿ, ಸರಸ್ವತೀ ಭಂಡಾರಿಗರು. ಪುಸ್ತಕ ಭಂಡಾರ ನೋಡಿಕೊಳ್ಳುವವರು. ಅವರು ಆರು ಮಂದಿ.

ಆರು, ಸಾಹೇಬರೇ. ಹತ್ತಿರ ಹತ್ತಿರ ಸಾವಿರ ವರ್ಷದ ಹಿಂದೆ, ನಮ್ಮ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಒಂದೇ ವಿದ್ಯಾಸ್ಥಾನಕ್ಕೆ ಆರು ಮಂದಿ ಲೈಬ್ರರಿಯನ್. ಕಲಿಸುವವರ ಜೊತೆಗೆ ಇವರ ಜೀವನಕ್ಕೂ ವ್ಯವಸ್ಥೆ ಮಾಡಿ, ಅದನ್ನು ಯಾರೂ ಅಳಿಸದ ಹಾಗೆ ಕಲ್ಲಿನ ಮೇಲೆ ಕೆತ್ತಿಸಿ ನಿಲ್ಲಿಸಿದ್ದಾರೆ. ನಮ್ಮ ಈಗಿನ ಲೆಕ್ಕದಲ್ಲಿ ಮೂರು ಗ್ರಂಥಾಲಯಕ್ಕೆ ಒಬ್ಬರು, ಮತ್ತೊಂದು ಚಾವಿ ಇಟ್ಟುಕೊಂಡ ದಿನಗೂಲಿಯ ಕಾಕಾ.

"ಆರು ಜನ ಸೇರಿ ಏನು ಮಾಡ್ತಿದ್ದರು ಮುತ್ಯಾ? ಅಷ್ಟು ಕೆಲಸ ಇರ್ತದ ಏನು?" ಅಂತ ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ನಮ್ಮ ಹಣಕಾಸಿನವರೂ ಇದನ್ನೇ ಕೇಳುತ್ತಾರೆ.

ಓಲೆಗರಿ ಅಂದರೆ ಇಟ್ಟು ಮರೆಯುವ ವಸ್ತು ಅಲ್ಲ. ಕಂಟ ಅನ್ನುವ ಚೂಪು ಕಡ್ಡಿಯಿಂದ ಕೊರೆದು ಬರೆಯಬೇಕು. ಆಮೇಲೆ ಮಸಿ ಸವರಿ ಒರೆಸಬೇಕು, ಆಗ ಅಕ್ಷರ ಕಾಣುತ್ತದೆ. ತೂತಿನಲ್ಲಿ ದಾರ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆ ಇಟ್ಟು, ಬಟ್ಟೆಯಲ್ಲಿ ಸುತ್ತಿ ಕಟ್ಟಬೇಕು. ಆಗಾಗ ಬಿಚ್ಚಿ ಗಾಳಿಗೆ ಹಾಕಬೇಕು. ಒಣಗಿದರೆ ಗರಿ ಮುರಿಯುತ್ತದೆ, ಎಣ್ಣೆ ಸವರಬೇಕು. ಹುಳ ಬಿದ್ದ ಗರಿ ಇದ್ದರೆ ಬೇಗ ಇನ್ನೊಂದು ಗರಿಗೆ ನಕಲು ಮಾಡಿಕೊಳ್ಳಬೇಕು. ನಕಲು ಮಾಡುವವನಿಗೆ ಓದು ಬರೆಹ ಚೆನ್ನಾಗಿ ಬರಬೇಕು, ಇಲ್ಲದಿದ್ದರೆ ಒಂದು ತಪ್ಪು ನೂರು ವರ್ಷ ನಡೆಯುತ್ತದೆ. ಆರು ಜನ ಯಾಕೆ ಬೇಕಾಗಿತ್ತು ಅಂತ ಈಗ ತಿಳಿಯಿತಲ್ಲ? ಪುಸ್ತಕ ಉಳಿಯುವುದು ಕಟ್ಟಡದಿಂದ ಅಲ್ಲ. ದಿನಾ ಮುಟ್ಟುವ ಕೈಯಿಂದ.

ಕಾಕಾ ಬಂದ. ಹಳೆಯ ಟಿವಿಎಸ್ ಗಾಡಿ, ಹಿಂದೆ ಮೇವಿನ ಹೊರೆ. ಹೊಲದಿಂದ ನೇರ ಬಂದಿದ್ದ. "ತಪ್ಪು ತಿಳೀಬ್ಯಾಡ್ರಿ ಸರ್, ನಾ ಖಾಯಂ ಅಲ್ಲ. ಕರ್ದಾಗ ಬರ್ತೀನಿ" ಅಂದ. ಲುಂಗಿಯ ಗಂಟಿನಿಂದ ಚಾವಿ ತೆಗೆದ. ಕೀಲಿಗೆ ಎರಡು ಹನಿ ಎಣ್ಣೆ ಬಿಟ್ಟ. ಎಣ್ಣೆ ಗಾಡಿಯ ಡಿಕ್ಕಿಯಲ್ಲೇ ಇತ್ತು. ಅಂದರೆ ಅಭ್ಯಾಸ ಇದೆ.

ಕೆಳಗಿನ ಕೋಣೆಯಲ್ಲಿ ಕಪಾಟುಗಳ ಸಾಲು. ಮರದವು, ಗಾಜಿನ ಬಾಗಿಲಿನವು. ಒಂದು ಕಪಾಟಿನ ಕೆಳಗಿನ ಹಲಗೆಯನ್ನು ಒರಲಿ ತಿಂದು ಮಣ್ಣಿನ ಗೆರೆ ಎಳೆದಿತ್ತು. ನಾನು ಒಂದು ಪುಸ್ತಕ ತೆಗೆದೆ. ಹಳೆಯ ಗಣಿತದ ಪುಸ್ತಕ, ಅಂಥ ಮಹತ್ವದ್ದೇನಲ್ಲ. ಆದರೆ ಮೊದಲ ಪುಟ ನೋಡಿ ಅಲ್ಲೇ ಕೂತುಬಿಟ್ಟೆ. ಒಂದೇ ಪುಟದ ಮೇಲೆ ನಾಲ್ಕು ಮೊಹರು. ಮೂಲೆಯಲ್ಲಿ ನೇರಳೆ ಬಣ್ಣದ ದುಂಡಗಿನ ಉರ್ದು ಮೊಹರು, ನಿಜಾಮರ ಸರ್ಕಾರದ್ದು. ಅದರ ಪಕ್ಕ ಇಂಗ್ಲಿಷಿನಲ್ಲಿ ಹೈದರಾಬಾದ್ ರಾಜ್ಯ ಅಂತ. ಅದರ ಕೆಳಗೆ ಕನ್ನಡದಲ್ಲಿ ಮೈಸೂರು ರಾಜ್ಯ. ಕೊನೆಗೆ ಕರ್ನಾಟಕ ಸರ್ಕಾರ.

ಮೊಮ್ಮಗಳಿಗೆ ಆ ಪುಟವನ್ನೇ ಪಾಠ ಮಾಡಿದೆ. 1948ರ ಸೆಪ್ಟೆಂಬರ್ 17ರವರೆಗೆ ನಮ್ಮ ಭಾಗ ನಿಜಾಮರ ಕೈಯಲ್ಲಿತ್ತು. ಆಮೇಲೆ ಎಂಟು ವರ್ಷ ಹೈದರಾಬಾದ್ ರಾಜ್ಯ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು. 1973ಕ್ಕೆ ಅದರ ಹೆಸರು ಕರ್ನಾಟಕ ಆಯಿತು. ಪುಸ್ತಕ ಇದ್ದಲ್ಲೇ ಇತ್ತು. ಸರ್ಕಾರಗಳೇ ಬಂದು ಬಂದು ಅದರ ಮೇಲೆ ಸಹಿ ಮಾಡಿ ಹೋದವು. ನನ್ನ ಅಪ್ಪ ಓದಿದ್ದು ಉರ್ದು ಮೀಡಿಯಂನಲ್ಲಿ, ಮನೆಯಲ್ಲಿ ಆಡಿದ್ದು ಕನ್ನಡ. ನಮ್ಮ ಭಾಗದ ಆ ತಲೆಮಾರು ಹೇಗೆ ಬದುಕಿತು ಅಂತ ತಿಳಿಯಲು ಆ ಒಂದು ಪುಟ ಸಾಕು. ನಾಲ್ಕು ಪುಟದ ಪ್ರಾಜೆಕ್ಟಿನಲ್ಲಿ ಒಂದು ಪುಟ ಅಲ್ಲೇ ಆಯಿತು.

ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ವಾಸನೆ ಮೂಗಿಗೆ ಹೊಡೆಯಿತು. ಬಗ್ಗಿ ನೋಡಿದರೆ ಬ್ಲೀಚಿಂಗ್ ಪೌಡರಿನ ಚೀಲಗಳು. ಯಾವುದೋ ಆಫೀಸಿನವರು ಮಳೆಗಾಲದಲ್ಲಿ ತಂದಿಟ್ಟು ಹೋಗಿದ್ದಾರೆ. ಜೊತೆಗೆ ಮುರಿದ ಬೆಂಚು, ಹಳೆಯ ಫ್ಲೆಕ್ಸ್ ಬೋರ್ಡುಗಳು. ಆ ಪೌಡರಿನಿಂದ ಏಳುವ ಗಾಳಿ ಕಾಗದವನ್ನು ತಿನ್ನುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ. ಗೋಡೆಯ ಆಚೆ ಕಡೆಯಲ್ಲೇ ಪುಸ್ತಕದ ಕಪಾಟು.

ಬೀದರಿನ ಸಾಹೇಬರಿಗೆ ಈಗ ಒಂದು ಸಂಗತಿ ನೆನಪಾಗಿರಬೇಕು. ನಿಮ್ಮ ಊರಿನ ನಡುವೆ ಮಹಮೂದ್ ಗಾವಾನನ ಮದರಸಾ ನಿಂತಿದೆಯಲ್ಲ. ಇರಾನಿನ ಗಿಲಾನಿನಿಂದ ಬಂದು ಬಹಮನಿ ರಾಜ್ಯದ ವಜೀರನಾದವನು ಅವನು. 1472ರಲ್ಲಿ ಮೂರು ಅಂತಸ್ತಿನ ಮದರಸಾ ಕಟ್ಟಿಸಿದ. ಅದರ ಪುಸ್ತಕ ಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿ ಇದ್ದವು ಅಂತ ಹೇಳುತ್ತಾರೆ. ಹೊರಗಿನ ಗೋಡೆಗೆ ನೀಲಿ, ಹಸಿರು, ಹಳದಿ ಹೆಂಚಿನ ಕೆಲಸ, ಅದರ ಮೇಲೆ ಹೂಬಳ್ಳಿಯ ಹಾಗೆ ಬಳುಕುವ ಅಕ್ಷರ. ಪುಸ್ತಕ ಇಡುವ ಮನೆಯನ್ನೇ ಒಂದು ಚಿತ್ರ ಮಾಡಿದ್ದ ಪುಣ್ಯಾತ್ಮ. ಹತ್ತು ವರ್ಷ ಕಳೆಯುವುದರೊಳಗೆ, 1481ರಲ್ಲಿ, ಸುಳ್ಳು ಪತ್ರದ ಆರೋಪ ಹೊರಿಸಿ ಅವನನ್ನೇ ಕೊಂದರು. ಅದು ಬೇರೆ ಕತೆ.

ಮುಂದೆ ಮೊಘಲರ ಕಾಲಕ್ಕೆ ಬೀದರ ಹೋಯಿತು. ಓದುವ ಕೋಣೆಗಳಲ್ಲಿ ಸೈನಿಕರು ಬಂದು ಇಳಿದರು. ಜಾಗ ಖಾಲಿ ಇದೆಯಲ್ಲ ಅಂತ ಒಳಗೆ ಸಿಡಿಮದ್ದು ಇಟ್ಟರು. 17ನೇ ಶತಮಾನದ ಕೊನೆಗೆ ಅದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಎರಡು ಮಿನಾರಿನಲ್ಲಿ ಈಗ ಉಳಿದಿರುವುದು ಒಂದು. ಪ್ರವಾಸಿಗರು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಯಾರೂ ಬೇಕು ಅಂತ ಮದರಸಾ ಸುಡಲಿಲ್ಲ. ಪುಸ್ತಕದ ಜಾಗದಲ್ಲಿ ಬೇರೆ ಏನೋ ತಂದಿಟ್ಟರು, ಅಷ್ಟೆ. ಬ್ಲೀಚಿಂಗ್ ಪೌಡರ್ ಸಿಡಿಮದ್ದು ಅಲ್ಲ, ಸರಿ. ನಿಧಾನ ತಿನ್ನುತ್ತದೆ. ನಿಮ್ಮ ಒಂದು ಫೋನಿನಿಂದ ಆ ಚೀಲಗಳು ಸಂಜೆಯೊಳಗೆ ಹೊರಗೆ ಹೋಗುತ್ತವೆ. ಮೂರು ಜಿಲ್ಲೆಯ ಹಳೆಯ ಗ್ರಂಥಾಲಯಗಳ ಹಿಂದಿನ ಕೋಣೆಯಲ್ಲಿ ಏನೇನು ಇಟ್ಟಿದ್ದೀರಿ ಅಂತ ಒಮ್ಮೆ ಕೇಳಿ ನೋಡಿ.

ಮೇಲೆ ಹತ್ತಿದೆವು. ಮರದ ಮೆಟ್ಟಿಲು, ಒಂದು ಮೆಟ್ಟಿಲು ಇಲ್ಲ. "ಆರನೇದು ದಾಟ್ರಿ" ಅಂದ ಕಾಕಾ.

ಚಿತ್ರಶಾಲೆ ಅಂದರೆ ಒಂದು ಉದ್ದನೆಯ ಕೋಣೆ. ಗೋಡೆಯ ಮೇಲೆ ಇಪ್ಪತ್ತೇಳು ಚಿತ್ರ. ಎಣಿಸಿದ್ದು ಮೊಮ್ಮಗಳು. ಯಾವ ಚಿತ್ರದ ಕೆಳಗೂ ಹೆಸರಿಲ್ಲ. ಯಾರು ಬರೆದದ್ದು, ಯಾವ ವರ್ಷದ್ದು, ಚಿತ್ರದಲ್ಲಿರುವುದು ಯಾರು, ಒಂದೂ ಇಲ್ಲ. ಕಾಕಾ ಮಾತ್ರ ಪ್ರತಿಯೊಂದಕ್ಕೂ ತನ್ನದೇ ಹೆಸರು ಇಟ್ಟುಕೊಂಡಿದ್ದ. "ಇದು ಸಿಟ್ಟಿನ ಸಾಹೇಬ. ಇದು ನೀರಿಗಿ ಹೊಂಟ ಹೆಣ್ಮಕ್ಕಳು. ಇದು ಮಳಿ ಚಿತ್ರ."

ಮಳೆಯ ಚಿತ್ರದ ಮುಂದೆ ಮೊಮ್ಮಗಳು ಬಹಳ ಹೊತ್ತು ನಿಂತಳು. ಎಣ್ಣೆ ಬಣ್ಣದ್ದು. ನಮ್ಮ ಕಡೆಯದೇ ಕರಿ ಹೊಲ, ಒಂದು ಜಾಲಿ ಗಿಡ, ದೂರದಲ್ಲಿ ಒಂದು ಗುಮ್ಮಟ. ಆಕಾಶದಿಂದ ಕೆಳಗಿನವರೆಗೆ ಉದ್ದುದ್ದ ಬೂದು ಗೆರೆ. "ಮಳೆಯನ್ನ ಎಷ್ಟು ಚಂದ ಹಿಡಿದಾರ ನೋಡು ಮುತ್ಯಾ" ಅಂದಳು. ನನಗೂ ಒಂದು ಕ್ಷಣ ಹಾಗೇ ಅನಿಸಿತು. ಆಮೇಲೆ ಕನ್ನಡಕ ಏರಿಸಿ ಹತ್ತಿರ ಹೋದೆ. ಗೆರೆ ಬಣ್ಣದ ಮೇಲಿದೆ. ಚಿತ್ರದ ಚೌಕಟ್ಟಿನ ಮೇಲೂ ಇದೆ. ಚೌಕಟ್ಟಿನ ಕೆಳಗೆ ಗೋಡೆಯ ಮೇಲೂ ಅದೇ ಗೆರೆ ಇಳಿದಿದೆ. ತಲೆ ಎತ್ತಿ ನೋಡಿದರೆ ಛತ್ತಿನಲ್ಲಿ ಬಿರುಕು.

ಕಾಕಾ ನನ್ನ ಮುಖ ನೋಡಿದ. "ಮೊದ್ಲ ಈ ಚಿತ್ರದಾಗ ಮಳಿ ಇದ್ದಿಲ್ರಿ ಸರ್. ಮೂರು ವರ್ಷ ಆತು, ಬರ್ಲಿಕ್ಕತ್ತದ."

ನಾನು ನಗಬೇಕೋ ಅಳಬೇಕೋ ತಿಳಿಯದೆ ನಿಂತೆ. ಅವನೇ ಚಿತ್ರವನ್ನು ತೆಗೆದು ಬೇರೆ ಮೊಳೆಗೆ ಹಾಕಬಹುದಿತ್ತು ಅಲ್ವಾ ಅಂತ ಕೇಳಿದೆ. "ಮುಟ್ಟಬ್ಯಾಡ ಅಂತ ಹೇಳ್ಯಾರ್ರಿ" ಅಂದ. ಅದೂ ನಿಜ. ಅವನು ಮುಟ್ಟಿ ಏನಾದರೂ ಆದರೆ ಅವನ ತಲೆಗೇ ಬರುತ್ತದೆ.

ಕಿಟಕಿಯ ಪಕ್ಕ ಒಂದು ಸಣ್ಣ ಚಿತ್ರ. ಎರಡು ಅಂಗೈ ಸೇರಿಸಿದರೆ ಮುಚ್ಚಿಹೋಗುವಷ್ಟು. ಕೊಳಲು ಊದುವ ಕೃಷ್ಣ, ಮೈತುಂಬ ಆಭರಣ. ಆಭರಣಕ್ಕೆ ಹಚ್ಚಿದ್ದು ಚಿನ್ನದ ರೇಕು. ಸುರಪುರದ ಕೈ ಅಂತ ನನ್ನ ಕಣ್ಣಿಗೆ ಕಂಡಿತು. ಸುರಪುರದ ನಾಯಕ ಅರಸರು ಸಾಕಿದ ಶೈಲಿ ಅದು. ದೇವರ ಚಿತ್ರಕ್ಕೆ ಚಿನ್ನ ಹಚ್ಚಿ, ಕೂದಲೆಳೆಯಂಥ ಗೆರೆಯಲ್ಲಿ ಬಟ್ಟೆಯ ಅಂಚು ಬಿಡಿಸುವ ಕಲೆ. ಯಾದಗಿರಿ ಜಿಲ್ಲೆಯ ಎಷ್ಟು ಮಕ್ಕಳು ಅಂಥ ಒಂದು ಅಸಲು ಚಿತ್ರವನ್ನು ಕಣ್ಣಾರೆ ನೋಡಿದ್ದಾರೆ? ಇಲ್ಲಿ ನೋಡಿದರೆ ಅದು ಸೀದಾ ಬಿಸಿಲಿಗೆ ಬಿದ್ದಿದೆ. ಪಶ್ಚಿಮದ ಕಿಟಕಿ, ಪರದೆ ಇಲ್ಲ. ನೀರಿನ ಬಣ್ಣಕ್ಕೆ ಬಿಸಿಲಿಗಿಂತ ದೊಡ್ಡ ವೈರಿ ಇಲ್ಲ. ಕೃಷ್ಣನ ನೀಲಿ ಒಂದು ಪಕ್ಕ ಬೂದಿಯಾಗಿದೆ. ಹರಿದ ಅಂಚಿಗೆ ಯಾರೋ ಪ್ರೀತಿಯಿಂದ ಪಾರದರ್ಶಕ ಟೇಪ್ ಅಂಟಿಸಿದ್ದಾರೆ. ಅಂಟು ಹಳದಿಯಾಗಿ ಕಾಗದದೊಳಗೆ ಇಳಿದಿದೆ. ಹತ್ತು ಮೀಟರ್ ಖಾದಿ ಬಟ್ಟೆ ಕೊಂಡರೆ ಆ ಕೋಣೆಗೆ ಪರದೆ ಆಗುತ್ತದೆ. ನಾನೇ ಕೊಡಿಸುತ್ತೇನೆ ಅಂದರೆ ಅದಕ್ಕೂ ಪರವಾನಗಿ ಬೇಕು.

ಹೆಸರಿನ ಪಟ್ಟಿಯ ಮಾತು ಮತ್ತೆ ಎತ್ತುತ್ತೇನೆ, ಯಾಕೆಂದರೆ ಅದಕ್ಕೆ ನಮ್ಮಲ್ಲೇ ಒಂದು ಪಾಠ ಇದೆ. ಭೀಮಾ ದಂಡೆಯ ಕನಗನಹಳ್ಳಿ, ಸನ್ನತಿಯ ಪಕ್ಕ. ಅಲ್ಲಿ ಬೌದ್ಧ ಸ್ತೂಪ ಅಗೆದಾಗ ಒಂದು ಕಲ್ಲಿನ ಫಲಕ ಸಿಕ್ಕಿತು. ಒಬ್ಬ ರಾಜ, ಜೊತೆಗೆ ರಾಣಿ, ಪರಿವಾರದವರು. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಎರಡು ಪದ: ರಾಯೋ ಅಸೋಕೋ. ಅಶೋಕ ರಾಜ. ಸುಮಾರು ಎರಡು ಸಾವಿರ ವರ್ಷದ ಹಿಂದಿನ ಆ ಶಿಲ್ಪಿ ಸುತ್ತಿಗೆ ಕೆಳಗಿಡುವ ಮೊದಲು ಆ ಎರಡು ಪದ ಕೆತ್ತಿದ. ಕೆತ್ತಿರದಿದ್ದರೆ ಇವತ್ತು ನಾವು ಯಾರೋ ಒಬ್ಬ ರಾಜ ಅಂತ ಹೇಳಿ ಮುಂದೆ ಹೋಗುತ್ತಿದ್ದೆವು. ಎರಡು ಪದದಿಂದ ಅಶೋಕನ ಮುಖ ಜಗತ್ತಿಗೆ ನಮ್ಮ ಜಿಲ್ಲೆಯಿಂದ ಸಿಕ್ಕಿತು.

ನಮ್ಮ ಚಿತ್ರಶಾಲೆಯಲ್ಲಿ ಸಿಟ್ಟಿನ ಸಾಹೇಬ ಯಾರು? ಕಾಕಾಗೂ ಗೊತ್ತಿಲ್ಲ, ಚಾರ್ಜಿನ ಸಾಹೇಬರಿಗೂ ಗೊತ್ತಿರಲಿಕ್ಕಿಲ್ಲ. ಊರಿನಲ್ಲಿ ತೊಂಬತ್ತು ದಾಟಿದ ಒಬ್ಬಿಬ್ಬರಿಗೆ ಗೊತ್ತಿರಬಹುದು. ಅವರನ್ನು ಕುರ್ಚಿ ಹಾಕಿ ಕೂಡಿಸಿ, ಚಹಾ ಕೊಟ್ಟು ಕೇಳಿ ಬರೆದುಕೊಳ್ಳಲು ಒಂದು ಮಧ್ಯಾಹ್ನ ಸಾಕು. ಕೆಳಗೆ ಕನ್ನಡದಲ್ಲೂ ಉರ್ದುವಿನಲ್ಲೂ ಬರೆಸಿ. ಎರಡೂ ಭಾಷೆಯ ಜನ ಆ ಮೆಟ್ಟಿಲು ಹತ್ತಿದವರೇ.

ಮೂಲೆಯಲ್ಲಿ ಮೇಜಿನ ಮೇಲೆ ಭೇಟಿ ಕೊಟ್ಟವರು ಸಹಿ ಮಾಡುವ ಪುಸ್ತಕ ಇತ್ತು. ಮೊಮ್ಮಗಳು ಓಡಿ ಹೋಗಿ ತೆರೆದಳು. ಕೊನೆಯ ಸಹಿಯ ಮೇಲೆ ಬೆರಳಿಟ್ಟು ನನ್ನನ್ನೇ ನೋಡಿದಳು. ಅದು ನನ್ನದೇ. ಎರಡು ವರ್ಷದ ಹಿಂದೆ ಶಾಲೆಯ ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಅಭಿಪ್ರಾಯದ ಜಾಗದಲ್ಲಿ "ತುಂಬಾ ಚೆನ್ನಾಗಿದೆ" ಅಂತ ಬರೆದಿದ್ದೆ. ಅವತ್ತೂ ಛತ್ತು ಸೋರುತ್ತಿತ್ತು. ಕಂಡಿದ್ದರೂ ಬರೆದಿರಲಿಲ್ಲ, ನೌಕರಿಯಲ್ಲಿದ್ದೆನಲ್ಲ. ನಾಚಿಕೆಯಾಯಿತು. ಈ ಪತ್ರದಲ್ಲಿ ಅರ್ಧ ಪಾಲು ಆ ನಾಚಿಕೆಯದು ಅಂತ ತಿಳಿಯಿರಿ.

ಇಷ್ಟು ಓದಿದ ಮೇಲೆ ಅನುದಾನದ ಮಾತು ನಿಮ್ಮ ಬಾಯಿಗೆ ಬಂದಿರುತ್ತದೆ. ನನ್ನ ಹತ್ತಿರವೂ ಒಂದು ಚೀಟಿ ಇದೆ. ಮನೆ ತೆರಿಗೆಯ ರಸೀದಿ. ಆಸ್ತಿ ತೆರಿಗೆ 1,850 ರೂಪಾಯಿ. ಅದರ ಕೆಳಗೆ ಇನ್ನೊಂದು ಸಾಲು: ಗ್ರಂಥಾಲಯ ಕರ, 111 ರೂಪಾಯಿ. ಶೇಕಡಾ ಆರು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಕೊಡುತ್ತಿರುವ ದುಡ್ಡು. ಚಿತ್ತಾಪುರದಲ್ಲಿ ಚಹಾ ಮಾರುವವನೂ ತನ್ನ ಮನೆಗೆ ಕೊಡುತ್ತಾನೆ, ಅವನಿಗೆ ಗೊತ್ತೇ ಇಲ್ಲ ಅಷ್ಟೆ. ನಾವು ಪ್ರತಿ ರೂಪಾಯಿಗೆ ಆರು ಪೈಸೆ ಲೆಕ್ಕದಲ್ಲಿ ಸರಸ್ವತೀ ಭಂಡಾರಕ್ಕೆ ಈಗಲೂ ಕಾಣಿಕೆ ಹಾಕುತ್ತಲೇ ಇದ್ದೇವೆ. ನಾಗಾವಿಯಲ್ಲಿ ಯಾರಿಗೆ ಎಷ್ಟು ಅಂತ ಕಲ್ಲಿನ ಮೇಲೆ ಲೆಕ್ಕ ಬರೆದು ನಿಲ್ಲಿಸಿದ್ದರು. ನಮ್ಮ ಊರಿಂದ ಎಷ್ಟು ಕರ ಬಂತು, ನಮ್ಮ ಊರಿನ ಗ್ರಂಥಾಲಯಕ್ಕೆ ಎಷ್ಟು ಹೋಯಿತು ಅಂತ ಒಂದು ಹಾಳೆ ಬರೆದು ಬಾಗಿಲಿಗೆ ಅಂಟಿಸಲು ಕಲ್ಲು ಬೇಕಿಲ್ಲ. ಡ್ರಾಯಿಂಗ್ ಶೀಟ್ ನಾನು ಕೊಡುತ್ತೇನೆ.

ಹೊಸ ಕಟ್ಟಡ ನಾನು ಕೇಳುತ್ತಿಲ್ಲ. ದಯವಿಟ್ಟು ಹೊಸ ಕಟ್ಟಡ ಬೇಡ. ನಮ್ಮ ಕಡೆ ಹೊಸ ಕಟ್ಟಡ ಅಂದರೆ ಹಳೆಯದನ್ನು ಕೆಡವುವುದು, ಹೊಸದಕ್ಕೆ ಗ್ರಾನೈಟ್ ಹಾಕುವುದು, ಉದ್ಘಾಟನೆಯ ಕಲ್ಲಿನಲ್ಲಿ ಹತ್ತು ಹೆಸರು ಕೆತ್ತುವುದು. ಆಮೇಲೆ ಮತ್ತೆ ಅದೇ ಕೀಲಿ. ಡಿಜಿಟಲ್ ಮಾಡುತ್ತೇವೆ ಅಂತಲೂ ಒಮ್ಮೆಲೇ ಹೇಳಬೇಡಿ. ಆಗಲಿ, ಒಳ್ಳೆಯದೇ. ಸ್ಕ್ಯಾನ್ ಮಾಡಲು ಸಹ ಮೊದಲು ಯಾರಾದರೂ ಕೀಲಿ ತೆಗೆಯಬೇಕಲ್ಲ.

ನನಗೆ ಬೇಕಾಗಿರುವುದು ಒಬ್ಬ ಮನುಷ್ಯ. ಆ ಕಟ್ಟಡಕ್ಕೇ ಅಂತ ಒಬ್ಬರು ಖಾಯಂ. ಆರು ಮಂದಿ ಕೇಳಿದರೆ ನೀವು ನಗುತ್ತೀರಿ, ಹಾಗಾಗಿ ಒಬ್ಬರು. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ಓದಿ ಹೊರಬಂದ ನಮ್ಮದೇ ಹುಡುಗ ಹುಡುಗಿಯರು ಇದ್ದಾರೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಹುದ್ದೆಗಳಿಗೆ ನಮ್ಮವರನ್ನು ತೆಗೆದುಕೊಳ್ಳಲು ದಾರಿಯೂ ಇದೆ. ಓದಿದ ಹುಡುಗಿ ಕಲಬುರಗಿಯಲ್ಲಿ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಕೂತಿದ್ದಾಳೆ, ಪುಸ್ತಕ ಇಲ್ಲಿ ಒರಲಿಗೆ ಹೋಗುತ್ತಿದೆ. ಕಾಕಾನನ್ನೂ ಬಿಡಬೇಡಿ. ಅವನಿಗೆ ತಿಂಗಳು ತಿಂಗಳು ಸರಿಯಾಗಿ ಪಗಾರ ಸಿಗಲಿ. ಇಪ್ಪತ್ತೇಳು ಚಿತ್ರಕ್ಕೆ ಹೆಸರಿಟ್ಟವನು ಅವನು. ಅಷ್ಟು ಪ್ರೀತಿಯನ್ನು ಯಾವ ಪರೀಕ್ಷೆ ಬರೆಸಿ ಆರಿಸುತ್ತೀರಿ?

ಆಮೇಲೆ ಛತ್ತಿನ ಬಿರುಕು. ಅದು ದೀಪಾವಳಿಯೊಳಗೆ ಆಗಬೇಕು. ಸುಣ್ಣದ ಗಾರೆಯ ಛತ್ತು ಅದು. ಸಿಮೆಂಟ್ ಬಳಿದು ಹೋಗುವವರನ್ನು ಕಳಿಸಬೇಡಿ, ಎರಡೂ ಕೂಡುವುದಿಲ್ಲ, ಮುಂದಿನ ಮಳೆಗೆ ಮತ್ತೆ ಬಾಯಿ ಬಿಡುತ್ತದೆ. ಹಳೆಯ ಗಾರೆ ಕೆಲಸ ಗೊತ್ತಿರುವವರು ಬೀದರಿನಲ್ಲಿ, ಕಲಬುರಗಿಯಲ್ಲಿ ಕೋಟೆ ಗುಮ್ಮಟಗಳ ರಿಪೇರಿಯಲ್ಲಿ ಸಿಗುತ್ತಾರೆ. ಚಿತ್ರಗಳನ್ನು ಒಬ್ಬ ತಿಳಿದವರು ಬಂದು ನೋಡಲಿ. ಟೇಪು ತೆಗೆಯುವ ಕೆಲಸವನ್ನೂ ಅವರೇ ಮಾಡಲಿ. ಪ್ರತಿ ಚಿತ್ರದ ಫೋಟೋ ತೆಗೆದು, ಅಳತೆ ಬರೆದು, ಒಂದು ಪಟ್ಟಿ ಆಗಲಿ. ಪಟ್ಟಿ ಇಲ್ಲದ ಮನೆಯಲ್ಲಿ ಒಂದು ಚಿತ್ರ ಕಡಿಮೆಯಾದರೂ ಯಾರಿಗೂ ತಿಳಿಯುವುದಿಲ್ಲ. ಇಪ್ಪತ್ತೇಳು ಅನ್ನುವ ಲೆಕ್ಕ ಸದ್ಯಕ್ಕೆ ಇರುವುದು ಎಂಟನೇ ಕ್ಲಾಸಿನ ಹುಡುಗಿಯ ನೋಟ್‌ಬುಕ್ಕಿನಲ್ಲಿ ಮಾತ್ರ.

ಒಂದು ಸ್ವಂತ ಮಾತು. ನಾನು ಡ್ರಾಯಿಂಗ್ ಮಾಸ್ತರ ಆಗಿದ್ದು ಒಂದು ಕ್ಯಾಲೆಂಡರಿನಿಂದ. ನಮ್ಮ ಮನೆಯ ಗೋಡೆಯ ಮೇಲೆ ಎಸ್.ಎಂ. ಪಂಡಿತರ ಚಿತ್ರದ ಕ್ಯಾಲೆಂಡರ್ ಇತ್ತು. ವರ್ಷ ಮುಗಿದರೂ ಅವ್ವ ತೆಗೆಯಲು ಬಿಡಲಿಲ್ಲ, ತಾರೀಖಿನ ಹಾಳೆ ಹರಿದು ಚಿತ್ರ ಉಳಿಸಿದಳು. ಪಂಡಿತರು 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದವರು. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದು ಹೆಸರಾದರು, ದೇವರಿಗೆ ಮಾಂಸ ರಕ್ತ ತುಂಬಿದರು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರೇ ಇದೆ. ಅವರು ನಮ್ಮ ಕಡೆಯವರು ಅಂತ ಗೊತ್ತಾದ ದಿನ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಆದರೆ ನಾನು ಅವರ ಕೈಯ ಅಸಲು ಚಿತ್ರ ನೋಡಿದ್ದು ಇಪ್ಪತ್ತು ದಾಟಿದ ಮೇಲೆ. ಅಚ್ಚಿನಲ್ಲಿ ಕಾಣದ್ದು ಅಸಲಿನಲ್ಲಿ ಕಾಣುತ್ತದೆ. ಕುಂಚ ಎಲ್ಲಿ ತಡವರಿಸಿತು, ಎಲ್ಲಿ ಧೈರ್ಯದಿಂದ ಎಳೆದರು ಅಂತ. ಸಣ್ಣ ಊರಿನ ಮಗುವಿಗೆ ಅದು ಹತ್ತನೇ ವಯಸ್ಸಿಗೇ ಸಿಗಲಿ ಅನ್ನುವುದು ನನ್ನ ಆಸೆ. ದೊಡ್ಡ ಊರಿಗೆ ಬಂದು ನೋಡಲಿ ಅನ್ನುವುದು ಸುಲಭ. ಬಸ್ ಚಾರ್ಜು, ಒಂದು ದಿನದ ಕೂಲಿ, ಜೊತೆಗೆ ಬರುವ ದೊಡ್ಡವರು, ಎಲ್ಲಾ ಕೂಡಿ ಬರಬೇಕಲ್ಲ.

ಮೊಮ್ಮಗಳ ಪ್ರಾಜೆಕ್ಟ್ ನಾಲ್ಕು ಪುಟದ ಬದಲು ಒಂಬತ್ತು ಪುಟ ಆಗಿದೆ. ಮಳೆಯ ಚಿತ್ರವನ್ನು ಅವಳು ಎರಡು ಸಲ ಬಿಡಿಸಿದ್ದಾಳೆ. ಒಂದು ಈಗ ಇರುವ ಹಾಗೆ. ಇನ್ನೊಂದು ಮಳೆ ಇಲ್ಲದೆ, ಕಾಕಾ ಹೇಳಿದ್ದನ್ನು ಕೇಳಿ ಕೇಳಿ. ಮೊದಲು ಆಕಾಶ ಯಾವ ಬಣ್ಣ ಇತ್ತು ಅಂತ ಅವಳು ಕೇಳಿದಾಗ ಆತ ಹೊರಗೆ ಬಂದು ನಿಂತು, ಮೇಲೆ ನೋಡಿ, "ಸುಗ್ಗಿ ಮುಗದ ಮ್ಯಾಲ ಸಂಜಿಗಿ ಇರ್ತದಲ್ಲ, ಹಂಗ" ಅಂದ. ಅವಳಿಗೆ ಆ ಬಣ್ಣ ಕೂಡಿಸಲು ಒಂದು ಇಡೀ ಭಾನುವಾರ ಹಿಡಿಯಿತು.

ಬರುವ ತಿಂಗಳ ಎರಡನೇ ಶನಿವಾರ ನಾವಿಬ್ಬರೂ ಮತ್ತೆ ಆ ಊರಿಗೆ ಹೋಗುತ್ತೇವೆ. ಆ ಚಿತ್ರವನ್ನು ಕಾಕಾಗೆ ಕೊಡಬೇಕಂತೆ ಅವಳಿಗೆ. ಹತ್ತೂಕಾಲಿನ ಬಸ್ಸು. ಬಾಗಿಲು ತೆರೆದಿದ್ದರೆ ಒಳಗೆ ಇರುತ್ತೇವೆ. ಇಲ್ಲದಿದ್ದರೆ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇವೆ. ನಿಮ್ಮಲ್ಲಿ ಯಾರಾದರೂ ಆ ಕಡೆ ಬಂದರೆ ಕಾರು ನಿಲ್ಲಿಸಿ. ಎದುರಿನ ಅಂಗಡಿಯಲ್ಲಿ ಚಹಾ ಚೆನ್ನಾಗಿರುತ್ತದೆ, ಪೇಪರೂ ಸಿಗುತ್ತದೆ.

ಇಂತಿ ನಿಮ್ಮ,
ಗ್ರಂಥಾಲಯ ಕರ ಕಟ್ಟುವ ಒಬ್ಬ ಡ್ರಾಯಿಂಗ್ ಮಾಸ್ತರ